ಅಜ್ಜನ ಫಿಯಟ್ ನಾಲ್ಕು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ, ಎಲ್ಲಿಂದ ಶುರು ಮಾಡಲಿ?

ಆಲ್ದೂರಿನ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಾನು ಕೆಲಸದ ಮೇಲೆ ಹಾಸನದಲ್ಲಿದ್ದೇನೆ, ಮನೆ ಆಲ್ದೂರಿನ ಹತ್ತಿರ. ಅಜ್ಜನ ಹತ್ತಿರ 1986ರ ಪ್ರೀಮಿಯರ್ ಪದ್ಮಿನಿ ಇತ್ತು. ಮನೆಯಲ್ಲಿ ಅದನ್ನು ಯಾರೂ ಪದ್ಮಿನಿ ಅಂದವರಲ್ಲ, ಎಲ್ಲರ ಬಾಯಲ್ಲೂ ಅದು ಫಿಯಟ್ಟೇ. ಕೆನೆ ಬಣ್ಣ, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಹಿಂದಿನ ಸೀಟಿನಲ್ಲಿ ನಾವು ಐದು ಜನ ಮೊಮ್ಮಕ್ಕಳು ಒತ್ತಿಕೊಂಡು ಕೂರುತ್ತಿದ್ದೆವು. ಹಾಸನಾಂಬೆ ಗುಡಿ ಬಾಗಿಲು ತೆಗೆದಾಗ ಬೇಲೂರಿನ ಮೇಲೆ ಹಾಸನಕ್ಕೆ ಹೋಗಿ ಬರುವುದು ಪ್ರತಿ ವರ್ಷ ಇದ್ದೇ ಇತ್ತು.

ಅಜ್ಜ ಹೋಗಿ ನಾಲ್ಕು ವರ್ಷವಾಯಿತು. ಕಾರು ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ನಿಂತಲ್ಲೇ ನಿಂತಿದೆ, ಮೇಲೆ ನೀಲಿ ಟಾರ್ಪಾಲು. ಹೋದ ವಾರ ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋದರು. ಅಪ್ಪ ಕೊಟ್ಟುಬಿಡೋಣ ಅಂದರು. ಅವರದ್ದು ತಪ್ಪು ಅನ್ನಲಾರೆ. ತೋಟದ ಕೆಲಸಕ್ಕೆ ಜೀಪಿದೆ, ಓಡಾಟಕ್ಕೆ ಬೇರೆ ಕಾರಿದೆ, ಕೊಯ್ಲಿನ ಟೈಮಲ್ಲಿ ಮೂಟೆ ಇಡಲು ಆ ಶೆಡ್ಡೇ ಬೇಕು. ಅಜ್ಜಿ ಮಾತ್ರ ಏನೂ ಹೇಳದೆ ಒಳಗೆ ಹೋಗಿ, ದೇವರ ಗೂಡಿನ ಪಕ್ಕ ಇಟ್ಟಿದ್ದ ಕಾರಿನ ಬೀಗದ ಕೈ ತಂದು ನನ್ನ ಕೈಲಿ ಇಟ್ಟರು. ಹಾಗಾಗಿ ಕಾರು ಈಗ ನನ್ನದು.

ನನಗೆ ಓಡಿಸಲು ಬರುತ್ತದೆ, ರಿಪೇರಿ ಗೊತ್ತಿಲ್ಲ. ನಿನ್ನೆ ಟಾರ್ಪಾಲು ತೆಗೆದು ನೋಡಿದೆ. ನಾಲ್ಕೂ ಟೈರು ಇಳಿದಿವೆ. ಒಳಗೆ ಬೂಷ್ಟು ವಾಸನೆ. ಬಾನೆಟ್ ಎತ್ತಿದರೆ ಇಲಿ ಗೂಡು. ಡಿಕ್ಕಿಯಲ್ಲಿ ಅಜ್ಜನ ಬಿಸ್ಕೆಟ್ ಡಬ್ಬಿ ಸಿಕ್ಕಿತು. ಅದರಲ್ಲಿ ಒಂದು ಫ್ಯಾನ್ ಬೆಲ್ಟು, ಎರಡು ಪ್ಲಗ್ಗು, ಹೆಸರು ಗೊತ್ತಿಲ್ಲದ ಚಿಕ್ಕ ಚಿಕ್ಕ ಸಾಮಾನು, ಜೊತೆಗೆ ನಾಲ್ಕು ಮಡಿಕೆ ಮಾಡಿದ ಒಂದು ಗೋಣಿ ತುಂಡು. ಹೊಸ ಬ್ಯಾಟರಿ ಹಾಕಿಸಿ ಒಮ್ಮೆ ಸ್ಟಾರ್ಟ್ ಮಾಡಿ ನೋಡಲಾ? ಇಲ್ಲ ಗ್ಯಾರೇಜಿಗೆ ಎಳೆಸಿಕೊಂಡು ಹೋಗಲಾ? ಗೊತ್ತಿದ್ದವರು ದಯವಿಟ್ಟು ಹೇಳಿ. ಹೊರಗೆ ಮಳೆ ಹಿಡಿದಿದೆ, ಇನ್ನು ಎರಡು ತಿಂಗಳು ಬಿಡುವ ಲಕ್ಷಣ ಇಲ್ಲ.

ಸ್ಪ್ಯಾನರ್ ಹಾಸನ

ನೋಡಮ್ಮ, ಮೊದಲನೇ ಮಾತು, ಸ್ಟಾರ್ಟ್ ಮಾಡಬೇಡಿ. ಬ್ಯಾಟರಿಯನ್ನೂ ಈಗಲೇ ತರಬೇಡಿ. ನಾನು ಬಿ.ಎಂ. ರಸ್ತೆಯ ಗ್ಯಾರೇಜುಗಳಲ್ಲಿ 30 ವರ್ಷ ಕೆಲಸ ಮಾಡಿದವನು. ನಾಲ್ಕು ವರ್ಷ ನಿಂತು ಆಗದ ಹಾನಿ ಅವಸರದಲ್ಲಿ ಸೆಲ್ಫ್ ಹೊಡೆದ ಐದು ನಿಮಿಷದಲ್ಲಿ ಆಗಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಯಾಕೆ ಅಂದರೆ ಇಷ್ಟು ದಿನ ನಿಂತಾಗ ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಎಲ್ಲ ಕೆಳಗೆ ಇಳಿದಿರುತ್ತದೆ. ಮಲೆನಾಡಿನ ತೇವಕ್ಕೆ ಪಿಸ್ಟನ್ ರಿಂಗು ಅಲ್ಲೇ ತುಕ್ಕು ಹಿಡಿದು ಅಂಟಿರಬಹುದು. ಹಾಗೇ ತಿರುಗಿಸಿದರೆ ರಿಂಗು ಮುರಿಯುತ್ತದೆ, ಗೋಡೆಗೆ ಗೀರು ಬೀಳುತ್ತದೆ. ಹಾಗಾಗಿ ನಾಲ್ಕೂ ಪ್ಲಗ್ ಬಿಚ್ಚಿ. ಪ್ರತಿ ತೂತಿಗೆ ಎರಡು ಚಮಚ ಇಂಜಿನ್ ಆಯಿಲ್ ಬಿಡಿ. ಎರಡು ದಿನ ಹಾಗೇ ಇರಲಿ. ಆಮೇಲೆ ಗೇರು ನ್ಯೂಟ್ರಲ್ಲಿಗೆ ಹಾಕಿ, ಇಂಜಿನ್ ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಕೈಯಲ್ಲಿ ನಿಧಾನ ತಿರುಗಿಸಿ. ತಿರುಗಿತು ಅಂದರೆ ಅರ್ಧ ಗೆದ್ದ ಹಾಗೆ. ತಿರುಗದಿದ್ದರೆ ಬಲ ಹಾಕಬೇಡಿ, ಇನ್ನೂ ಎರಡು ದಿನ ನೆನೆಯಲಿ.

ಎರಡನೆಯದು ಪೆಟ್ರೋಲು. ಟ್ಯಾಂಕಿನಲ್ಲಿ ಉಳಿದದ್ದು ಈಗ ಪೆಟ್ರೋಲ್ ಆಗಿ ಉಳಿದಿಲ್ಲ, ಮೂಸಿ ನೋಡಿ, ವಾರ್ನಿಷ್ ವಾಸನೆ ಬರುತ್ತದೆ. ಅದರ ಅಂಟು ಮತ್ತು ಟ್ಯಾಂಕಿನ ತುಕ್ಕಿನ ಪುಡಿ ಸೇರಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಜೆಟ್ಟಿಗೆ, ಅಂದರೆ ಅದರ ಸಣ್ಣ ತೂತಿಗೆ, ಹೋಗಿ ಕೂತರೆ ಆಮೇಲೆ ತಿಂಗಳುಗಟ್ಟಲೆ ಅದರ ಹಿಂದೆ ಓಡಾಟ. ಟ್ಯಾಂಕ್ ಇಳಿಸಿ ತೊಳೆಸಿ. ಪೆಟ್ರೋಲ್ ಪೈಪಿನ ರಬ್ಬರ್ ತುಂಡು ಎಷ್ಟಿವೆಯೋ ಅಷ್ಟನ್ನೂ ಹೊಸದು ಹಾಕಿಸಿ. ನೋಡಲು ಚೆನ್ನಾಗಿದೆ ಅಂತ ಒಂದನ್ನೂ ಉಳಿಸಬೇಡಿ, ಇಂಜಿನ್ ಬಿಸಿಯಾದಾಗ ಅದೇ ಸೋರುವುದು. ಕಾರಿಗೆ ಬೆಂಕಿ ಬೀಳುವುದು ಹೀಗೇ.

ಮೂರನೆಯದು ಬ್ರೇಕು. ನಿಮ್ಮ ಗಾಡಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಒಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಗಟ್ಟಿಯಾಗಿ ಸೋರಿರುತ್ತದೆ ಅಥವಾ ಹಿಡಿದು ಕೂತಿರುತ್ತದೆ. ನಾಲ್ಕೂ ಬಿಚ್ಚಬೇಕು. ಬ್ರೇಕ್ ಆಯಿಲ್ ಗಾಳಿಯ ನೀರು ಎಳೆದುಕೊಳ್ಳುವ ಪದಾರ್ಥ, ನಿಂತ ಗಾಡಿಯಲ್ಲೂ ಕೆಡುತ್ತದೆ. ಪೂರಾ ತೆಗೆದು ಹೊಸದು ಹಾಕಿ. ಇದು ಮುಗಿಯುವ ತನಕ ಕಾರನ್ನು ಶೆಡ್ಡಿನಿಂದ ಇಳಿಜಾರಿಗೆ ತಳ್ಳಲೇಬೇಡಿ.

ಇಂಜಿನ್ ಆಯಿಲ್, ಫಿಲ್ಟರು, ರೇಡಿಯೇಟರ್ ನೀರು, ಇವೆಲ್ಲ ಬದಲಾಯಿಸುವುದು ಇದ್ದದ್ದೇ.

ಆ ಗೋಣಿ ತುಂಡು ಎಸೆಯಬೇಡಿ. ಅದು ಯಾಕೆ ಅಂತ ಕಾರು ಓಡಲು ಶುರುವಾದ ಮೇಲೆ ಹೇಳುತ್ತೇನೆ.

ಸಕಲೇಶಪುರದ ಅಂಬಾಸಿಡರ್

ಅಕ್ಕಾ, ಮೊದಲು ಆ ನೀಲಿ ಟಾರ್ಪಾಲು ತೆಗೆದು ಎಸೆಯಿರಿ. ನನ್ನ ಹತ್ತಿರ ತಾತನ ಅಂಬಾಸಿಡರ್ ಇದೆ, ಹಳೇ 1489 ಸಿಸಿ ಪೆಟ್ರೋಲ್ ಇಂಜಿನ್. ನಾನು ಕೂಡ ಪ್ರೀತಿಯಿಂದ ಪ್ಲಾಸ್ಟಿಕ್ ಹೊದಿಸಿ ಒಂದು ಮಳೆಗಾಲ ಬಿಟ್ಟಿದ್ದೆ. ನೆಲದ ತೇವ ಮೇಲೆ ಬಂದು ಪ್ಲಾಸ್ಟಿಕ್ಕಿಗೆ ಬಡಿದು ಹನಿಯಾಗಿ ಕಾರಿನ ಮೇಲೇ ಬೀಳುತ್ತದೆ. ಮಳೆಯಲ್ಲಿ ಬಿಟ್ಟಿದ್ದರೆ ಒಣಗಲು ಗಾಳಿಯಾದರೂ ಸಿಗುತ್ತಿತ್ತು. ಹತ್ತಿಯ ಹಳೇ ಬೆಡ್‌ಶೀಟ್ ಹೊದಿಸಿ ಸಾಕು, ಧೂಳು ತಡೆಯುತ್ತದೆ, ಗಾಳಿ ಆಡುತ್ತದೆ.

ಶೆಡ್ಡಿನ ನೆಲ ಮಣ್ಣಿನದಾ? ಹಾಗಿದ್ದರೆ ಅದೂ ಶತ್ರುವೇ. ಚಪ್ಪಡಿ ಕಲ್ಲು ಹಾಸಿ ಅದರ ಮೇಲೆ ನಿಲ್ಲಿಸಿ.

ತುಕ್ಕು ಎಲ್ಲಿ ನೋಡಬೇಕು ಅಂದರೆ ಕಣ್ಣಿಗೆ ಕಾಣುವ ಕಡೆ ಅಲ್ಲ. ಕಾಲಿಡುವ ಮ್ಯಾಟ್ ಎತ್ತಿ ನೋಡಿ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಮಣ್ಣು ಎಲೆ ಸೇರಿ ಮುಚ್ಚಿಹೋಗಿರುತ್ತವೆ, ಕಡ್ಡಿ ಹಾಕಿ ಬಿಡಿಸಿ. ಚಕ್ರದ ಮೇಲಿನ ಮಡ್‌ಗಾರ್ಡ್ ಒಳಗೆ ಕೈ ಹಾಕಿ, ಹಳೇ ಕೆಂಪು ಮಣ್ಣು ಹೆಂಟೆ ಹೆಂಟೆಯಾಗಿ ಕೂತಿರುತ್ತದೆ. ಆ ಮಣ್ಣು ವರ್ಷಪೂರ್ತಿ ಒದ್ದೆ. ಜಾಕ್ ಕೊಡುವ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ, ಟಣ್ ಅಂದರೆ ಗಟ್ಟಿ, ಬೊದ್ ಅಂದರೆ ಒಳಗೆ ತಿಂದಿದೆ ಅಂತ ಅರ್ಥ.

ಐ.ಜಿ. ರಸ್ತೆ

ಬೇಜಾರು ಮಾಡಿಕೊಳ್ಳಬೇಡಿ, ನಾನು ಬೇರೆ ಮಾತು ಹೇಳುತ್ತೇನೆ. ನಮ್ಮ ಮನೆಯಲ್ಲೂ ಇದೇ ಆಯಿತು. ಮಾವನ ಹಳೇ ಕಾರಿಗೆ ಮೂರು ವರ್ಷ ದುಡ್ಡು ಸುರಿದೆವು. ಒಬ್ಬ ಮೆಕ್ಯಾನಿಕ್ ಇಂಜಿನ್ ಬಿಚ್ಚಿ ಹಾಕಿ ಎಂಟು ತಿಂಗಳು ಕೈಗೇ ಸಿಗಲಿಲ್ಲ. ಕೊನೆಗೆ ಅರ್ಧ ಬಿಚ್ಚಿದ ಗಾಡಿಯನ್ನು ಗುಜರಿಗೇ ಕೊಟ್ಟೆವು. ಅದನ್ನು ಲಾರಿಗೆ ಏರಿಸುವಾಗ ಅತ್ತೆ ಅತ್ತಿದ್ದನ್ನು ನಾನು ಮರೆತಿಲ್ಲ. ಮೊದಲೇ ಕೊಟ್ಟಿದ್ದರೆ ಕೊನೇಪಕ್ಷ ಪೂರ್ತಿ ಕಾರಾಗಿ ಹೋಗುತ್ತಿತ್ತು.

ಇನ್ನೊಂದು, ಈ ಕಾರುಗಳಲ್ಲಿ ಸೀಟ್ ಬೆಲ್ಟ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಈಗಿನ ರಸ್ತೆಯಲ್ಲಿ ಎದುರಿಗೆ ಬರುವವರು ನಿಮ್ಮದು ಹಳೇ ಕಾರು ಅಂತ ನಿಧಾನ ಮಾಡುವುದಿಲ್ಲ. ಅಪ್ಪ ಹೇಳಿದ್ದನ್ನೂ ಸ್ವಲ್ಪ ಯೋಚಿಸಿ.

ಆಲ್ದೂರಿನ ಮೊಮ್ಮಗಳು

ನೀವು ಹೇಳಿದ್ದು ಮನಸ್ಸಿಗೆ ತಟ್ಟಿತು ಸರ್. ಅಪ್ಪನಿಗೂ ಇದೇ ಭಯ ಇರಬೇಕು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಅದಕ್ಕೇ ಒಂದು ತೀರ್ಮಾನ ಮಾಡಿದ್ದೇನೆ. ಒಂದು ಸಲಕ್ಕೆ ಒಂದೇ ಭಾಗ ಬಿಚ್ಚುವುದು, ಅದು ಸರಿಯಾಗಿ ಕೂತ ಮೇಲೇ ಮುಂದಿನದು. ಇಂಜಿನ್ ತಿರುಗಲೇ ಇಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ ಅಜ್ಜಿ ಹತ್ತಿರ ಕೂತು ಮಾತಾಡುತ್ತೇನೆ.

ಸ್ಪ್ಯಾನರ್ ಅಣ್ಣ, ಪ್ಲಗ್ ಬಿಚ್ಚಿ ಆಯಿಲ್ ಬಿಟ್ಟಾಯಿತು. ಶನಿವಾರ ತಿರುಗಿಸಿ ನೋಡುತ್ತೇನೆ.

ಕಡೂರು ಕಡತ

ಎಲ್ಲರೂ ಇಂಜಿನ್ ಬಗ್ಗೆ ಮಾತಾಡುತ್ತಿದ್ದೀರಿ, ಕಾಗದದ ಕಡೆ ಯಾರೂ ನೋಡಲಿಲ್ಲ. ಆರ್.ಸಿ. ಇನ್ನೂ ಅಜ್ಜನ ಹೆಸರಲ್ಲೇ ಇದೆ ಅಲ್ವಾ? ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗೆ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು. ಅದಕ್ಕೆ ಫಾರಂ 31. ಮಾರಾಟಕ್ಕೆ ಹಾಕುವ ಫಾರಂ 30 ಬೇರೆ, ಎಷ್ಟೋ ಜನ ಅದನ್ನು ತುಂಬಿಕೊಂಡು ಹೋಗಿ ವಾಪಸ್ ಬರುತ್ತಾರೆ. ನಿಮ್ಮದು ತಡವಾಗಿದೆ, ಆದರೂ ದಂಡ ಕಟ್ಟಿ ಮಾಡಿಸಬಹುದು. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಜ್ಜಿ ಮತ್ತು ಅಜ್ಜನ ಮಕ್ಕಳೆಲ್ಲರ ಒಪ್ಪಿಗೆ ಪತ್ರ, ಇಷ್ಟು ಮೊದಲು ಜೋಡಿಸಿಕೊಳ್ಳಿ. ಅತ್ತೆಯಂದಿರು, ಚಿಕ್ಕಪ್ಪಂದಿರು ಬೇರೆ ಊರಲ್ಲಿದ್ದರೆ ಹಬ್ಬಕ್ಕೆ ಬಂದಾಗಲೇ ಸಹಿ ಮಾಡಿಸಿಕೊಳ್ಳಿ.

ಇನ್ನು ನವೀಕರಣ. ಸ್ವಂತ ಕಾರಿಗೆ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೆ. 1986ರ ಗಾಡಿ ಅಂದರೆ 2001, 2006, 2011, 2016, ಆಮೇಲೆ 2021. ಕೊನೆಯದನ್ನು ಅಜ್ಜ ಮಾಡಿಸಿದ್ದರಾ ನೋಡಿ. ಶುಲ್ಕ ಮೊದಲು 600 ಇತ್ತು, 2022ರ ಏಪ್ರಿಲ್‌ನಲ್ಲಿ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ತಡವಾದಷ್ಟು ಜಾಸ್ತಿ ಬೀಳುತ್ತದೆ, ಹಸಿರು ತೆರಿಗೆ ಬೇರೆ. ಕಾರನ್ನು ತಪಾಸಣೆಗೆ ತೋರಿಸಬೇಕು. ಲೈಟು, ಇಂಡಿಕೇಟರ್, ವೈಪರ್, ಹಾರ್ನ್, ಹ್ಯಾಂಡ್ ಬ್ರೇಕ್ ಎಲ್ಲ ಕೆಲಸ ಮಾಡುತ್ತಿರಲಿ. ಹೊಗೆ ತಪಾಸಣೆ ಮತ್ತು ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕೂಡ ಬೇಕು.

ವಿಂಟೇಜ್ ಅಂತ ಮಾಡಿಸಿ ಎಂದು ಯಾರಾದರೂ ಹೇಳಬಹುದು. 2021ರ ಜುಲೈನಲ್ಲಿ ಬಂದ ಆ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ ಮಾತ್ರ, ನಿಮ್ಮದಕ್ಕೆ 2036 ಆಗಬೇಕು. ಹಾಗೆ ಮಾಡಿಸಿದರೆ ದಿನನಿತ್ಯ ಓಡಿಸುವಂತೆಯೂ ಇಲ್ಲ. ನಿಮಗೆ ಬೇಡ ಅದು.

ಹಳೇ ಮೂರಕ್ಷರದ ನಂಬರು ಇದ್ದರೆ ಅದು ಹಾಗೇ ಉಳಿಯುತ್ತದೆ. ಹೆಸರು ಬದಲಾದರೂ ರಾಜ್ಯದ ಒಳಗೆ ನಂಬರು ಬದಲಾಗುವುದಿಲ್ಲ.

ಆಲ್ದೂರಿನ ಮೊಮ್ಮಗಳು

ಇಂಜಿನ್ ತಿರುಗಿತು! ಶನಿವಾರ ಬೆಳಿಗ್ಗೆ ಮಿಸುಕಲಿಲ್ಲ. ಮತ್ತೆ ಎರಡು ಚಮಚ ಬಿಟ್ಟು ಭಾನುವಾರ ಸಂಜೆ ನೋಡಿದೆ, ಮೊದಲು ಒಂದು ಬೆರಳಿನಷ್ಟು ಸರಿಯಿತು, ಆಮೇಲೆ ಒಂದು ಸುತ್ತು ಪೂರ್ತಿ ಬಂತು. ಕೈ ನಡುಗುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಒಳಗೆ ಬಂದು ತಾವೂ ಒಂದು ಸುತ್ತು ತಿರುಗಿಸಿದರು. ಟ್ಯಾಂಕ್ ಇಳಿಸುವುದಕ್ಕೆ ಅವರೇ ಜೀಪಿನ ಜಾಕ್ ತಂದುಕೊಟ್ಟರು.

ಮ್ಯಾಟ್ ಎತ್ತಿ ನೋಡಿದೆ. ಡ್ರೈವರ್ ಕಾಲಿಡುವ ಕಡೆ ಅಂಗೈ ಅಗಲ ತೂತಿದೆ. ಉಳಿದದ್ದು ಮೇಲ್ಮೈ ತುಕ್ಕು. ಆರ್.ಸಿ. 2021ಕ್ಕೇ ಮುಗಿದಿದೆ, ಆಗ ಅಜ್ಜನಿಗೆ ಹುಷಾರಿರಲಿಲ್ಲ. ಗೌರಿ ಹಬ್ಬಕ್ಕೆ ಅತ್ತೆಯರು ಬರುತ್ತಾರೆ, ಸಹಿ ಅವತ್ತು ಆಗುತ್ತದೆ.

ಒಂದು ಪ್ರಶ್ನೆ. ಬಾಡಿ ಕೆಲಸದವರು ಹೇಗೂ ಬೆಸುಗೆ ಹಾಕುತ್ತೇವೆ, ಪೂರ್ತಿ ಬಣ್ಣ ಹೊಡೆದು ಹೊಸದರ ಹಾಗೆ ಮಾಡಿಕೊಡುತ್ತೇವೆ ಅಂದರು. ಬಲಗಡೆ ಮುಂದಿನ ಮಡ್‌ಗಾರ್ಡಿನಲ್ಲಿ ಒಂದು ತಗ್ಗು ಇದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಜ್ಜ ನನ್ನನ್ನು ಬಸ್ ಸ್ಟ್ಯಾಂಡಿನಿಂದ ಕರೆತರುವಾಗ ಗೇಟಿನ ಕಲ್ಲುಕಂಬಕ್ಕೆ ತಾಗಿದ್ದು. ಅದನ್ನೂ ತೆಗೆಸಬೇಕಾ?

ಸಕಲೇಶಪುರದ ಅಂಬಾಸಿಡರ್

ತೆಗೆಸಬೇಡಿ ಅಕ್ಕಾ. ತೂತಿಗೆ ತಗಡು ಬೆಸೆಯಿಸಿ, ಅದು ಆಗಲೇಬೇಕು. ಆದರೆ ತೂತು ತುಂಬಲು ಬರೀ ಪುಟ್ಟಿ ಮೆತ್ತಲು ಬಿಡಬೇಡಿ, ಪುಟ್ಟಿಯ ಹಿಂದೆ ತುಕ್ಕು ತನ್ನ ಪಾಡಿಗೆ ತಿನ್ನುತ್ತಲೇ ಇರುತ್ತದೆ. ಕೊಳೆತ ತಗಡು ಕತ್ತರಿಸಿ ಗಟ್ಟಿ ತಗಡಿನವರೆಗೂ ಹೋಗಿ ಅಲ್ಲಿಂದ ಹೊಸದು ಬೆಸೆಯಬೇಕು. ಮೇಲ್ಮೈ ತುಕ್ಕನ್ನು ಉಜ್ಜಿ ರೆಡ್ ಆಕ್ಸೈಡ್ ಹೊಡೆಯಿರಿ, ಅಡಿಭಾಗಕ್ಕೆ ತುಕ್ಕು ತಡೆಯುವ ಕೋಟಿಂಗ್ ಮಾಡಿಸಿ. ಉಳಿದ ಬಣ್ಣ ಕಾರಿನದೇ ಬಣ್ಣ, ಸುಮ್ನೆ ಪಾಲಿಷ್ ಮಾಡಿ ಸಾಕು. ನಾನು ತಾತನ ಅಂಬಾಸಿಡರಿಗೆ ಪೂರ್ತಿ ಹೊಸ ಬಣ್ಣ ಹೊಡೆಸಿದೆ. ಫಳಫಳ ಹೊಳೆಯುತ್ತದೆ. ಆದರೆ ಅದರಲ್ಲಿ ಕೂತಾಗ ಬೇರೆ ಯಾರದೋ ಕಾರಿನಲ್ಲಿ ಕೂತ ಹಾಗಿತ್ತು, ಒಂದು ವರ್ಷ ಬೇಕಾಯಿತು ಅಭ್ಯಾಸವಾಗಲು. ತಗ್ಗಿನಲ್ಲಿ ಬಣ್ಣ ಬಿರಿದು ಕಬ್ಬಿಣ ಕಂಡಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಟಚಪ್ ಮಾಡಿಸಿ.

ಐ.ಜಿ. ರಸ್ತೆ

ಇಂಜಿನ್ ತಿರುಗಿದ್ದು ಓದಿ ನನಗೂ ಖುಷಿಯಾಯಿತು. ತಂದೆಯವರು ಜಾಕ್ ತಂದುಕೊಟ್ಟಿದ್ದು ಇನ್ನೂ ಖುಷಿ. ಬೆಸುಗೆ ಹಾಕಿಸುವಾಗಲೇ ಮುಂದಿನ ಎರಡು ಸೀಟಿಗೆ ಬೆಲ್ಟ್ ಹಾಕಿಸಲು ಆಗುತ್ತದಾ ಕೇಳಿ. ಇದೊಂದು ನನ್ನ ಒತ್ತಾಯ.

ಸ್ಪ್ಯಾನರ್ ಹಾಸನ

ಆಗುತ್ತದೆ. ತಗಡಿಗೆ ಬರೀ ಬೋಲ್ಟ್ ಹಾಕಿದರೆ ಏಟಿಗೆ ಕಿತ್ತುಬರುತ್ತದೆ. ಬಾಗಿಲಿನ ಕಂಬದ ಒಳಗೆ ಮತ್ತು ನೆಲದಡಿ ದಪ್ಪ ಪ್ಲೇಟ್ ಬೆಸೆದು ಅದಕ್ಕೆ ಬೋಲ್ಟ್ ಕೊಡಬೇಕು. ನೆಲ ಬಿಚ್ಚಿರುವಾಗಲೇ ಮಾಡಿಸುವುದು ಒಳ್ಳೆಯದು. ಸರ್ ಹೇಳಿದ್ದು ಸರಿಯಾದ ಮಾತು.

ಕೊಟ್ಟಿಗೆಹಾರ 800

ನನ್ನದು ಅಜ್ಜಿಯ ಮಾರುತಿ 800, ಕಾರ್ಬೊರೇಟರಿನದ್ದು. ಇಲ್ಲಿಯ ಮಳೆಗೆ, ಚಾರ್ಮಾಡಿ ಘಾಟಿಗೆ ಇವತ್ತಿಗೂ ಅದೇ ಕಾರು. ಒಂದು ವಿಷಯ ಕೇಳಬೇಕಿತ್ತು. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇದೆ. ಹೋದ ವರ್ಷ ನನ್ನ ಕಾರಿನ ಪೆಟ್ರೋಲ್ ಪೈಪು ಮೆತ್ತಗಾಗಿ ಜಿನುಗಲು ಶುರುವಾಯಿತು. 40 ವರ್ಷದ ಹಿಂದಿನ ಕಾರಿಗೆ ಇದನ್ನು ಹಾಕುವುದು ಹೇಗೆ?

ಸ್ಪ್ಯಾನರ್ ಹಾಸನ

ಹಾಕಬೇಕು, ಬೇರೆ ದಾರಿ ಇಲ್ಲ. ಗೊತ್ತಿದ್ದು ಹಾಕಬೇಕು ಅಷ್ಟೇ. ಮೂರು ತೊಂದರೆ ಇದೆ. ಒಂದು, ನೀವು ಹೇಳಿದ ಹಾಗೆ ಹಳೇ ರಬ್ಬರಿಗೆ ಎಥನಾಲ್ ಆಗಿಬರುವುದಿಲ್ಲ, ಉಬ್ಬುತ್ತದೆ, ಬಿರಿಯುತ್ತದೆ. ಪೈಪು, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ರಬ್ಬರ್ ಪೊರೆ ಅಂದರೆ ಡಯಾಫ್ರಮ್, ಕಾರ್ಬೊರೇಟರ್ ಕಿಟ್ ಕೊಳ್ಳುವಾಗ ಎಥನಾಲ್ ತಡೆಯುವುದೇ ಬೇಕು ಅಂತ ಬಾಯಿಬಿಟ್ಟು ಕೇಳಿ. ವಿಟಾನ್ ರಬ್ಬರ್ ಅಂದರೆ ಅಂಗಡಿಯವರಿಗೆ ತಿಳಿಯುತ್ತದೆ. ಎರಡು, ಎಥನಾಲ್ ನೀರು ಎಳೆಯುತ್ತದೆ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರು ಮತ್ತು ಎಥನಾಲ್ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ತುಕ್ಕು ಅಲ್ಲಿಂದ ಶುರು. ಸ್ವಲ್ಪ ಸ್ವಲ್ಪ ಹಾಕಿಸಿ ಓಡಿಸಿ ಖಾಲಿ ಮಾಡುತ್ತಿರಿ. ಮೂರು, ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಹಳೇ ಜೆಟ್ಟಿಗೆ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಆದ ಹಾಗಾಗುತ್ತದೆ. ಹೊಸ ಕಾರಿನಲ್ಲಿ ಕಂಪ್ಯೂಟರ್ ಸರಿ ಮಾಡಿಕೊಳ್ಳುತ್ತದೆ, ಕಾರ್ಬೊರೇಟರಿಗೆ ನಾವೇ ಮಾಡಬೇಕು. 100 ಕಿಲೋಮೀಟರ್ ಓಡಿಸಿದ ಮೇಲೆ ಪ್ಲಗ್ ಬಿಚ್ಚಿ ತುದಿ ನೋಡಿ. ತಿಳಿ ಕಂದು ಇದ್ದರೆ ಸರಿ. ಸುಣ್ಣದ ಹಾಗೆ ಬಿಳಿ ಇದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಇಂಜಿನ್ ಸುಡುತ್ತಿದೆ. ಮಸಿ ಹಿಡಿದಿದ್ದರೆ ಜಾಸ್ತಿ ಹೋಗುತ್ತಿದೆ.

ಫಿಯಟ್ಟಿಗೆ ಸಾಮಾನು ಸಿಗುವುದಿಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಾಳ್ಮೆಯಿಂದ ಕೇಳಿದರೆ ಸಿಗುತ್ತದೆ. ಮುಂಬೈಯಲ್ಲಿ 2023ರ ಅಕ್ಟೋಬರ್ ತನಕ ಇದೇ ಕಾರು ಟ್ಯಾಕ್ಸಿಯಾಗಿ ಓಡಿದೆ, ಅಲ್ಲಿ ಇನ್ನೂ ಸಾಮಾನು ಇದೆ. ಹಳೇ ಪಾರ್ಟ್ ಬಿಚ್ಚಿದರೆ ಎಸೆಯಬೇಡಿ, ಅಂಗಡಿಗೆ ಅದನ್ನೇ ಕೈಯಲ್ಲಿ ಹಿಡಿದು ಹೋಗಿ. ಫೋನಿನಲ್ಲಿ ಹೆಸರು ಹೇಳಿ ತರಿಸಿದರೆ ಮೂರರಲ್ಲಿ ಎರಡು ಹೊಂದುವುದಿಲ್ಲ.

ಕೊಟ್ಟಿಗೆಹಾರ 800

ಪ್ಲಗ್ಗಿಗೆ ಕಿಡಿ ಕೊಡಿಸುವ ಹಳೇ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಒಳ್ಳೆಯದಲ್ವಾ? ಪದೇ ಪದೇ ಉಜ್ಜುವ ಕೆಲಸ ಇರುವುದಿಲ್ಲ.

ಸ್ಪ್ಯಾನರ್ ಹಾಸನ

ಓಡಲು ಒಳ್ಳೆಯದು, ಒಪ್ಪುತ್ತೇನೆ. ಆದರೆ ಅದು ಕೆಟ್ಟರೆ ದಾರಿಯಲ್ಲಿ ಏನೂ ಮಾಡುವ ಹಾಗಿಲ್ಲ. ಪಾಯಿಂಟ್ ಕೆಟ್ಟರೆ ಎಮ್ರಿ ಪೇಪರಿನಲ್ಲಿ ಉಜ್ಜಿ, ಗ್ಯಾಪ್ ಸರಿ ಮಾಡಿ ಮನೆಗೆ ಬರಬಹುದು. ಈ ತಂಗಿ ಕಲಿಯುತ್ತಿದ್ದಾರೆ, ಮೊದಲು ಪಾಯಿಂಟಿನಲ್ಲೇ ಕಲಿಯಲಿ ಅಂತ ನನ್ನ ಅಭಿಪ್ರಾಯ. ಡಬ್ಬಿಯಲ್ಲಿ ಇದ್ದ ಆ ಚಿಕ್ಕ ಸಾಮಾನು ಅದೇ ಇರಬೇಕು, ಪಾಯಿಂಟ್ ಸೆಟ್ಟು ಮತ್ತು ಕಂಡೆನ್ಸರು. ಒಂದು ಫೋಟೋ ಹಾಕಿ.

ಸಕಲೇಶಪುರದ ಅಂಬಾಸಿಡರ್

ಇದರಲ್ಲಿ ನಾನು ಅಣ್ಣನ ಮಾತು ಒಪ್ಪಲ್ಲ. ಶಿರಾಡಿ ಘಾಟಿಯಲ್ಲಿ ರಾತ್ರಿ ಹತ್ತು ಗಂಟೆಗೆ ಮಳೆಯಲ್ಲಿ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಪಾಯಿಂಟ್ ಉಜ್ಜಿದವನು ನಾನು. ಎಲೆಕ್ಟ್ರಾನಿಕ್ ಹಾಕಿಸಿದ ಮೇಲೆ ಮೂರು ವರ್ಷವಾಯಿತು, ಒಮ್ಮೆಯೂ ನಿಂತಿಲ್ಲ. ಹಳೇ ಪಾಯಿಂಟ್ ಸೆಟ್ಟನ್ನು ಡಿಕ್ಕಿಯಲ್ಲೇ ಇಟ್ಟಿದ್ದೇನೆ, ಬೇಕಾದರೆ ಅರ್ಧ ಗಂಟೆಯಲ್ಲಿ ವಾಪಸ್ ಹಾಕಬಹುದು.

ಆಲ್ದೂರಿನ ಮೊಮ್ಮಗಳು

ಬಹಳ ದಿನ ಬರಲಾಗಲಿಲ್ಲ, ಕ್ಷಮಿಸಿ. ಒಂದೊಂದೇ ಹೇಳುತ್ತೇನೆ.

ಟ್ಯಾಂಕಿನಿಂದ ಅರ್ಧ ಲೋಟ ತುಕ್ಕು ಬಂತು. ಪೈಪೆಲ್ಲ ಹೊಸದು. ಬ್ರೇಕಿನ ನಾಲ್ಕೂ ಸಿಲಿಂಡರ್ ಹೊಸದು, ಅದಕ್ಕೆ ಬೆಂಗಳೂರಿಗೆ ಎರಡು ಸಲ ಹೋಗಬೇಕಾಯಿತು. ಟೈರು, ಟ್ಯೂಬು ಬದಲಾಯಿಸಿದೆ. ಇಲಿ ಕಡಿದ ವೈರುಗಳನ್ನು ಒಬ್ಬ ಎಲೆಕ್ಟ್ರಿಷಿಯನ್ ಮೂರು ದಿನ ಕೂತು ಸರಿ ಮಾಡಿದರು. ನೆಲಕ್ಕೆ ತಗಡು, ಮುಂದೆ ಎರಡು ಬೆಲ್ಟು ಆಯಿತು. ತಗ್ಗು ಹಾಗೇ ಇದೆ. ಪಾಯಿಂಟನ್ನೂ ಸದ್ಯಕ್ಕೆ ಉಳಿಸಿಕೊಂಡಿದ್ದೇನೆ, ಉಜ್ಜುವುದು ಕಲಿತೆ.

ಮೊದಲ ಸಲ ಸ್ಟಾರ್ಟ್ ಆದಾಗ ತುಂಬಾ ಬಿಳಿ ಹೊಗೆ ಬಂತು, ನಾನು ಹೆದರಿದೆ. ನಾವೇ ಬಿಟ್ಟ ಆಯಿಲ್ ಉರಿಯುತ್ತಿತ್ತು, ಹತ್ತು ನಿಮಿಷದಲ್ಲಿ ನಿಂತಿತು. ಆದರೆ ಕ್ಲಚ್ ಬಿಡಲೇ ಇಲ್ಲ, ಪೆಡಲ್ ಒತ್ತಿದರೂ ಗೇರು ಕರಕರ ಅಂತಿತ್ತು. ಇಲ್ಲೇ ಹಳೇ ಜೀಪ್ ಡ್ರೈವರ್ ಒಬ್ಬರು ಬಂದು, ತೇವಕ್ಕೆ ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿದೆ ಅಂದರು. ಇಂಜಿನ್ ಚೆನ್ನಾಗಿ ಬಿಸಿ ಮಾಡಿ ಆಫ್ ಮಾಡಿದರು. ಎರಡನೇ ಗೇರು ಹಾಕಿ, ಕ್ಲಚ್ ಒತ್ತಿ ಹಿಡಿದು, ಕಣದ ಉದ್ದಕ್ಕೂ ಸ್ಟಾರ್ಟ್ ಮಾಡಿಕೊಂಡು ಹೋದರು. ಎರಡು ಸಲ ಎಗರಿ ಎಗರಿ ಬಿಟ್ಟಿತು.

ಒಂದು ತಿಂಗಳು ತೋಟದ ಒಳಗಿನ ದಾರಿಯಲ್ಲೇ ಓಡಿಸಿದೆ. ಹೆಸರು ವರ್ಗಾವಣೆ ಆಯಿತು, ತಪಾಸಣೆಯೂ ಆಯಿತು. ಇನ್‌ಸ್ಪೆಕ್ಟರ್ ಹಾರ್ನ್ ಒತ್ತಿ, ಲೈಟ್ ನೋಡಿ, ಆಮೇಲೆ ತಾವೇ ಕೂತು ಸ್ಟೇರಿಂಗ್ ಪಕ್ಕದ ಗೇರು ಹಾಕಿ ನೋಡಿದರು. ಅವರ ತಂದೆ ಹತ್ತಿರವೂ ಇದೇ ಕಾರಿತ್ತಂತೆ. ಆಯುಧಪೂಜೆಗೆ ಕಾರನ್ನು ತೊಳೆದು ಅಂಗಳಕ್ಕೆ ತಂದೆವು. ಅಪ್ಪನೇ ಬೂದುಗುಂಬಳ ಒಡೆದರು.

ಈಗ ಗೋಣಿ ತುಂಡಿನ ವಿಷಯ ಹೇಳಿ ಅಣ್ಣ.

ಸ್ಪ್ಯಾನರ್ ಹಾಸನ

ಓದಿ ಕಣ್ಣು ತುಂಬಿ ಬಂತಮ್ಮ. ಗೋಣಿ ವಿಷಯ ಇದು. ಈ ಕಾರಿನ ಪೆಟ್ರೋಲ್ ಪಂಪು ಇಂಜಿನ್ನಿಗೇ ಅಂಟಿಕೊಂಡಿದೆ. ಬೇಸಿಗೆಯಲ್ಲಿ ಏರು ಹತ್ತಿ ಬಂದು, ಹತ್ತು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಪಂಪಿನಲ್ಲಿರುವ ಪೆಟ್ರೋಲ್ ಕಾದು ಆವಿಯಾಗಿರುತ್ತದೆ. ಆವಿಯನ್ನು ಪಂಪು ಎಳೆಯಲಾರದು. ಕಾರು ಗೊರಗೊರ ಅಂದು ನಿಲ್ಲುತ್ತದೆ. ಆಗ ಗೋಣಿಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ ಪಂಪಿನ ಮೇಲೆ ಹತ್ತು ನಿಮಿಷ ಸುತ್ತಿಡಬೇಕು, ಆವಿ ತಣಿದು ಮತ್ತೆ ಪೆಟ್ರೋಲ್ ಆಗುತ್ತದೆ. ಹುಷಾರು, ಪ್ಲಗ್ ವೈರಿಗೆ ನೀರು ತಾಗಬಾರದು. ನಿಮ್ಮ ಅಜ್ಜ ಗೋಣಿಯನ್ನು ನಾಲ್ಕು ಮಡಿಕೆ ಮಾಡಿದ್ದು ಪಂಪಿನ ಅಳತೆಗೆ.

ಇನ್ನು ಮುಂದಕ್ಕೆ. ವಾರಕ್ಕೊಮ್ಮೆ ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಮಾಡಬೇಡಿ, ಅದರಿಂದ ಆಯಿಲ್ ಒಳಗೆ ತೇವ ಕೂರುತ್ತದೆ, ಬ್ಯಾಟರಿಯೂ ತುಂಬುವುದಿಲ್ಲ. 20 ಕಿಲೋಮೀಟರ್ ಹೋಗಿ ಬನ್ನಿ, ನಿಮಗೆ ಆಲ್ದೂರಿನಿಂದ ಚಿಕ್ಕಮಗಳೂರಿಗೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಘಾಟಿ ಇಳಿಯುವಾಗ ಹತ್ತಲು ಯಾವ ಗೇರು ಬೇಕಿತ್ತೋ ಅದೇ ಗೇರಿನಲ್ಲಿ ಇಳಿಯಿರಿ. ಡ್ರಮ್ ಬ್ರೇಕ್ ಕಾದರೆ ಹಿಡಿಯುವುದಿಲ್ಲ.

ಆಲ್ದೂರಿನ ಮೊಮ್ಮಗಳು

ನಿನ್ನೆ ಹಾಸನಾಂಬೆಗೆ ಹೋಗಿ ಬಂದೆವು. ನಾನು, ಅಪ್ಪ, ಅಜ್ಜಿ. ಅಜ್ಜಿ ಮುಂದೆ ಕೂರಲು ಒಪ್ಪಲಿಲ್ಲ, ಹಿಂದೆ ಎಡಗಡೆ ಕಿಟಕಿ ಪಕ್ಕ, ಅದು ಅವರ ಜಾಗ. ಬೇಲೂರಿನ ತನಕ ಯಾರೂ ಜಾಸ್ತಿ ಮಾತಾಡಲಿಲ್ಲ. ಇಂಜಿನ್ ಶಬ್ದವನ್ನೇ ಕೇಳುತ್ತಾ ಕೂತಿದ್ದೆವು. ಹಗರೆ ದಾಟಿದ ಮೇಲೆ ನನಗೆ ಧೈರ್ಯ ಬಂತು, 60ರಲ್ಲಿ ಹೋದೆ. ಕಾರು ಹಗುರವಾಗಿ ತೇಲಿದ ಹಾಗೆ ಹೋಗುತ್ತದೆ, ಸ್ಟೇರಿಂಗ್ ಮಾತ್ರ ನಿಂತಾಗ ಭಾರ. ಕಿಟಕಿ ಮೂಲೆಯ ಚಿಕ್ಕ ಗಾಜು ತಿರುಗಿಸಿದರೆ ಗಾಳಿ ನೇರ ಮುಖಕ್ಕೆ ಬರುತ್ತದೆ, ಅದಕ್ಕೆ ಏಸಿ ಸಮ ಇಲ್ಲ. ದಾರಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಮೂರು ಜನ ಬಂದು ಮಾತಾಡಿಸಿದರು. ಒಬ್ಬರು ಬಾನೆಟ್ ಮೇಲೆ ಕೈ ಇಟ್ಟು ಸುಮ್ಮನೆ ನಿಂತಿದ್ದು ಹೋದರು.

ವಾಪಸ್ ಬರುವಾಗ ಕತ್ತಲಾಯಿತು, ಮಳೆ ಬೇರೆ. ಆಲ್ದೂರಿಗೆ ಹತ್ತುವ ತಿರುವಿನಲ್ಲಿ ಮೂರನೇ ಗೇರಿನಲ್ಲಿದ್ದೆ, ಇಂಜಿನ್ ಎಳೆದಾಡಲು ಶುರುವಾಯಿತು. ನಾನು ಇನ್ನೂ ಯೋಚಿಸುತ್ತಿದ್ದೆ, ಹಿಂದಿನಿಂದ ಅಜ್ಜಿ "ಎರಡು ಹಾಕು ಮಗಾ" ಅಂದರು. ಅಜ್ಜಿಗೆ ಡ್ರೈವಿಂಗ್ ಬರುವುದಿಲ್ಲ, ಯಾವತ್ತೂ ಸ್ಟೇರಿಂಗ್ ಮುಟ್ಟಿದವರಲ್ಲ. ಎರಡು ಹಾಕಿದೆ, ಕಾರು ಹತ್ತಿತು. ಅಪ್ಪ ತಿರುಗಿ ಅಜ್ಜಿಯನ್ನೇ ನೋಡಿದರು. ಅಜ್ಜಿ ಕಿಟಕಿ ಕಡೆ ನೋಡುತ್ತಾ, "ಈ ಜಾಗಕ್ಕೆ ಅವರು ಎರಡೇ ಹಾಕ್ತಿದ್ದಿದ್ದು" ಅಂದರು.

ಮುಂದಿನ ವಾರ ಬಾಳೆಹೊನ್ನೂರಿಗೆ ಹೋಗೋಣ ಅಂತಿದ್ದಾರೆ. ಮಳೆಯಲ್ಲಿ ಎಡಗಡೆಯ ವೈಪರ್ ಅರ್ಧಕ್ಕೆ ನಿಲ್ಲುತ್ತಿದೆ, ಮೋಟಾರಿನ ಸದ್ದು ಬರುತ್ತಲೇ ಇರುತ್ತದೆ. ಬಲಗಡೆಯದು ಸರಿ ಇದೆ. ಎಲ್ಲಿ ನೋಡಬೇಕು?

ಸ್ಪ್ಯಾನರ್ ಹಾಸನ

ಬಲಗಡೆ ಸರಿ ಇದ್ದರೆ ಮೋಟಾರಿನ ತೊಂದರೆ ಅಲ್ಲ. ಮೊದಲು ಎಡಗಡೆ ವೈಪರ್ ಕಡ್ಡಿಯ ಬುಡದ ನಟ್ಟು ಬಿಗಿ ಮಾಡಿ ನೋಡಿ, ಅಲ್ಲಿಯ ಹಲ್ಲು ಸವೆದು ಜಾರುತ್ತಿರಬಹುದು. ಅದಲ್ಲದಿದ್ದರೆ ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಾಕಿ, ಎರಡು ವೈಪರನ್ನು ಜೋಡಿಸುವ ಸಲಾಕೆಯ ಬುಷ್ ಹೋಗಿರುತ್ತದೆ. ಫೋಟೋ ಹಾಕಿ, ಹೋಗುವ ಮುಂಚೆ ಸರಿ ಮಾಡೋಣ.